ಅಕ್ಕಡಿ ಸಾಲು: ರಾಗಿ ಹೊಲದ ಜೀವವೈವಿಧ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು, ರಾಮನಗರ, ಮಂಡ್ಯ, ಹಾಸನ ಕಡೆಯ ಮಳೆ ನಂಬಿದ ಕೆಂಪು ಮಣ್ಣಿನ ರಾಗಿ ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಕೊಳವೆಬಾವಿ ಇರುವವರಿಗೆ, ತೋಟದವರಿಗೆ ಇದರಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಹೊಲವೇ ಇಲ್ಲದವರೂ ಓದಬಹುದು. ಅವರೆಕಾಯಿ ಸಾರು ಇಷ್ಟ ಇದ್ದರೆ ಸಾಕು.

ಅಕ್ಕಡಿ ಅಂದರೆ ಏನು?

ರಾಗಿ ಹೊಲದಲ್ಲಿ ಎಂಟೋ ಹತ್ತೋ ಸಾಲು ರಾಗಿ, ಆಮೇಲೆ ಒಂದೋ ಎರಡೋ ಸಾಲು ಬೇರೆ ಕಾಳುಗಳು, ಮತ್ತೆ ರಾಗಿ. ಹೀಗೆ ಹೊಲದುದ್ದಕ್ಕೂ ಬಿತ್ತುವುದು ಅಕ್ಕಡಿ. ಆ ನಡುವಿನ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಸಾಸಿವೆ, ಹರಳು ಇರುತ್ತವೆ. ಯಾವುದು ಎಷ್ಟು ಎನ್ನುವುದು ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಮನೆಯ ಹೆಂಗಸರು ಯಾವ ಕಾಳು ಬೇಕು ಅನ್ನುತ್ತಿದ್ದರೋ ಅದು ಸಡ್ಡೆಗೆ, ಅಂದರೆ ಬಿತ್ತುವ ಕೊಳವೆಗೆ, ಬೀಳುತ್ತಿತ್ತು. ಉತ್ತರಾಖಂಡದ ಬೆಟ್ಟಗಳಲ್ಲೂ ರಾಗಿ ಜೊತೆ ಹತ್ತಾರು ಬೆಳೆ ಬೆರೆಸಿ ಬಿತ್ತುವ 'ಬಾರಹನಾಜಾ' ಎಂಬ ಪದ್ಧತಿ ಇದೆ.

ಜೀವವೈವಿಧ್ಯ ಅಂದರೆ ಪಶ್ಚಿಮ ಘಟ್ಟ, ಹುಲಿ, ಸಿಂಗಳೀಕ ಅಲ್ವಾ? ರಾಗಿ ಹೊಲಕ್ಕೂ ಅದಕ್ಕೂ ಏನು ಸಂಬಂಧ?

ಕಾಡಿನದು ದೊಡ್ಡ ಸಂಗತಿ, ಒಪ್ಪೋಣ. ಆದರೆ ಜೀವವೈವಿಧ್ಯದ ದೊಡ್ಡ ಪಾಲು ನಾವು ಓಡಾಡುವ ಜಾಗದಲ್ಲೇ ಇದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದದ್ದು ಯಾವುದು ಗೊತ್ತಾ? ದಟ್ಟ ಕಾಡಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೂ 2010ರಲ್ಲಿ ಅದೇ ಮನ್ನಣೆ ಸಿಕ್ಕಿತು.

ಹೊಲದ ಲೆಕ್ಕದಲ್ಲಿ ಇದನ್ನು ಮೂರು ಕಡೆ ನೋಡಬೇಕು. ಕಣ್ಣಿಗೆ ಕಾಣುವ ಬೆಳೆಗಳು, ಅವುಗಳ ತಳಿಗಳು ಒಂದು. ಬೆಳೆ ಹುಡುಕಿಕೊಂಡು ಬರುವ ಜೇನು, ದುಂಬಿ, ಹಕ್ಕಿ, ಹುಳ ಇನ್ನೊಂದು. ಮೂರನೆಯದು ಮಣ್ಣೊಳಗಿನದು. ಎರೆಹುಳು, ಬೂಷ್ಟು, ಬ್ಯಾಕ್ಟೀರಿಯಾ. ಮೇಲಿನದು ಒಂದೇ ಬಗೆಯಾದರೆ ಕೆಳಗಿನದೂ ಕ್ರಮೇಣ ಬಡವಾಗುತ್ತದೆ. ಯಾಕೆಂದರೆ ಮಣ್ಣೊಳಗಿನ ಜೀವಿಗಳಿಗೆ ಊಟ ಸಿಗುವುದು ಬೇರಿನಿಂದ ಒಸರುವ ಸಕ್ಕರೆಯಿಂದ ಮತ್ತು ಕೊಳೆಯುವ ಎಲೆ, ಕಡ್ಡಿಯಿಂದ. ಡಿಸೆಂಬರ್‌ಗೆ ರಾಗಿ ಕೊಯ್ದು ಜೂನ್‌ವರೆಗೆ ಹೊಲ ಬೋಳಾಗಿ ಬಿದ್ದಿದ್ದರೆ ಅವು ಅರ್ಧ ವರ್ಷ ಉಪವಾಸ.

ಇಷ್ಟೊಂದು ಬೆಳೆ ಒಟ್ಟಿಗೆ ಹಾಕಿದರೆ ಒಂದಕ್ಕೊಂದು ಪೈಪೋಟಿ ಆಗಲ್ವಾ?

ಆಗುತ್ತದೆ, ಆಯ್ಕೆ ತಪ್ಪಿದರೆ. ಅಕ್ಕಡಿಯ ಜಾಣತನ ಇರುವುದು ಸಂಖ್ಯೆಯಲ್ಲಲ್ಲ, ಹೊತ್ತು ಮತ್ತು ಆಳದಲ್ಲಿ.

ಹೊತ್ತಿನ ಲೆಕ್ಕ ನೋಡಿ. ಜುಲೈನಲ್ಲಿ ಬಿತ್ತಿದರೆ ಅಲಸಂದೆ ಮೂರು ತಿಂಗಳೊಳಗೆ ಮುಗಿದು ದಾರಿ ಬಿಡುತ್ತದೆ. ರಾಗಿ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲು. ತೊಗರಿ ಮೊದಲ ಒಂದೂವರೆ ಎರಡು ತಿಂಗಳು ಸೋಮಾರಿ. ರಾಗಿ ಬುಡದಲ್ಲಿ ಕವಲೊಡೆದು ತೆಂಡೆ ಹೊಡೆಯುವಾಗ ಅದು ಪಕ್ಕದಲ್ಲಿ ಸುಮ್ನೆ ನಿಂತಿರುತ್ತದೆ. ನಾಟಿ ಅವರೆಯದು ಇನ್ನೂ ಸ್ವಾರಸ್ಯ. ಹಗಲು ಗಿಡ್ಡವಾಗುವವರೆಗೆ ಅದು ಹೂ ಬಿಡುವುದೇ ಇಲ್ಲ. ಜುಲೈನಲ್ಲಿ ಬಿತ್ತಿ, ಆಗಸ್ಟ್‌ನಲ್ಲಿ ಬಿತ್ತಿ, ಕಾಯಿ ಸಿಗುವುದು ಚಳಿ ಬಂದ ಮೇಲೆಯೇ. ಅಷ್ಟರಲ್ಲಿ ರಾಗಿ ಕೊಯ್ದಾಗಿರುತ್ತದೆ. ಅವರೆ, ತೊಗರಿಗೆ ಹೊಲವೆಲ್ಲ ಬಯಲು. ಉಳಿದ ತೇವ, ಬೀಳುವ ಇಬ್ಬನಿ ಎರಡರಲ್ಲೇ ಅವು ಕಾಯಿ ಕಟ್ಟುತ್ತವೆ. ಸೊಗಡು ಅಂತ ನಾವು ಮೂಗಿಗೆ ಹಿಡಿದು ಖುಷಿಪಡುವುದು ಆ ಚಳಿಗಾಲದ ಅವರೆಯನ್ನೇ. ವರ್ಷವಿಡೀ ಬರುವ ಹೊಸ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಅನುಕೂಲವೇ, ಆದರೆ ಅಕ್ಕಡಿಗೆ ನಾಟಿ ಅವರೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಆಳದ ಲೆಕ್ಕ ಇನ್ನೂ ಸುಲಭ. ರಾಗಿ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ನೇರ ಕೆಳಕ್ಕೆ ಇಳಿಯುತ್ತದೆ. ನೇಗಿಲು ತಾಗದ ಗಟ್ಟಿ ಪದರವನ್ನೂ ತೂರಿಕೊಂಡು ಹೋಗುತ್ತದೆ. ಗಿಡ ಸತ್ತ ಮೇಲೆ ಆ ಬೇರು ಕೊಳೆತು ಉಳಿಯುವ ತೂತಿನಲ್ಲೇ ಮುಂದಿನ ವರ್ಷದ ಮಳೆನೀರು ಇಳಿಯುತ್ತದೆ.

ಕಾಳಿನ ಬೆಳೆ ಸಾರಜನಕ ಕೊಡುತ್ತಂತೆ. ಹಾಗಾದರೆ ಯೂರಿಯಾ ಪೂರ್ತಿ ನಿಲ್ಲಿಸಬಹುದಾ?

ಮೊದಲ ವರ್ಷವೇ ನಿಲ್ಲಿಸಿ ಅಂತ ಹೇಳುವವರನ್ನು ನಂಬಬೇಡಿ. ಅವರೆ, ಅಲಸಂದೆ, ತೊಗರಿ ಬೇರಿನ ಗಂಟಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ, ನಿಜ. ಆದರೆ ಗಿಡ ಬದುಕಿರುವಾಗ ಪಕ್ಕದ ರಾಗಿಗೆ ಅದರಲ್ಲಿ ಸಿಗುವುದು ತೀರಾ ಕಡಿಮೆ. ಹೆಚ್ಚಿನ ಪಾಲು ಸಿಗುವುದು ಎಲೆ ಉದುರಿ, ಬೇರು ಕೊಳೆತ ಮೇಲೆ. ಅಂದರೆ ಮುಂದಿನ ಬೆಳೆಗೆ. ತೊಗರಿ ಉದುರಿಸುವಷ್ಟು ಎಲೆಯನ್ನು ಇನ್ನಾವುದೂ ಉದುರಿಸುವುದಿಲ್ಲ. ಆ ತರಗು ಗುಡಿಸಿ ಸುಡಬೇಡಿ.

ಗಂಟು ಕೆಲಸ ಮಾಡುತ್ತಿದೆಯೋ ಇಲ್ಲವೋ ನೀವೇ ನೋಡಬಹುದು. ಬಿತ್ತಿದ ನಲವತ್ತು ದಿನದ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ನೀರಲ್ಲಿ ತೊಳೆದು, ಒಂದು ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಕೆಲಸ ನಡೆದಿದೆ. ಬೂದು ಅಥವಾ ಹಸಿರು ಇದ್ದರೆ ಇಲ್ಲ. ತುಂಬ ವರ್ಷದಿಂದ ಕಾಳು ಬೆಳೆಯದ ಹೊಲದಲ್ಲಿ ಮೊದಲ ಸಲ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತುವುದು ಒಳ್ಳೆಯದು.

ಕೊಟ್ಟಿಗೆ ಗೊಬ್ಬರ ಮಾತ್ರ ಬಿಡುವ ಹಾಗಿಲ್ಲ. ಜಿಕೆವಿಕೆಯ ಒಣಬೇಸಾಯ ವಿಭಾಗದಲ್ಲಿ 1978ರಿಂದ ರಾಗಿಯ ಮೇಲೆ ನಡೆದಿರುವ ದೀರ್ಘಕಾಲದ ಪ್ರಯೋಗದಲ್ಲೂ ಕೊಟ್ಟಿಗೆ ಗೊಬ್ಬರ ಸೇರಿಸಿದ ತಾಕುಗಳ ಇಳುವರಿ ನಿಂತಿದೆ. ಬರೀ ರಸಗೊಬ್ಬರ ಹಾಕಿದ ತಾಕುಗಳು ಹಿಂದೆ ಬಿದ್ದಿವೆ.

ತೊಗರಿ ರಾಗಿಗೆ ನೀರು ಕುಡಿಸುತ್ತೆ ಅಂತಾರೆ. ನಿಜವಾ?

ಕಟ್ಟುಕಥೆ ಅಲ್ಲ. ಹಗಲಲ್ಲಿ ಎಲೆಗಳು ನೀರು ಎಳೆಯುತ್ತವೆ. ರಾತ್ರಿ ಎಲೆ ಎಳೆಯುವುದು ನಿಂತಾಗ, ಆಳದ ಬೇರು ತಂದ ನೀರು ಮೇಲಿನ ಒಣ ಮಣ್ಣಿಗೆ ಸ್ವಲ್ಪ ಸ್ವಲ್ಪ ಒಸರುತ್ತದೆ. ಬೇರಿಗೆ ಅಂಟಿಕೊಂಡು ಬೆಳೆಯುವ ಬೂಷ್ಟಿನ ಎಳೆಗಳು ಆ ತೇವವನ್ನು ಪಕ್ಕದ ಗಿಡದ ಬೇರಿಗೂ ಮುಟ್ಟಿಸಬಲ್ಲವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಿಜ್ಞಾನಿಗಳೂ ಸೇರಿ ರಾಗಿ, ತೊಗರಿ ಜೋಡಿಯನ್ನೇ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದಾರೆ. ಜಿಕೆವಿಕೆಯಲ್ಲೂ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲೂ ಹೊಲದ ಪ್ರಯೋಗ ನಡೆದಿದೆ.

ಆದರೆ ಇದು ಮಳೆಗೆ ಬದಲಿ ಅಲ್ಲ. ಹದಿನೈದು ಇಪ್ಪತ್ತು ದಿನ ಮಳೆ ಕೈಕೊಟ್ಟಾಗ ರಾಗಿ ಜೀವ ಹಿಡಿದುಕೊಳ್ಳಲು ಒಂದಿಷ್ಟು ಆಸರೆ, ಅಷ್ಟೇ. ಸಾಲು ತುಂಬ ಹತ್ತಿರ ಆದರೆ ತೊಗರಿಯೇ ನೀರು ಕಸಿಯುತ್ತದೆ. ತುಂಬ ದೂರ ಆದರೆ ಬೂಷ್ಟು ಮುಟ್ಟುವುದಿಲ್ಲ.

ಬೆಳೆ ಜಾಸ್ತಿ ಆದರೆ ಹುಳನೂ ಜಾಸ್ತಿ ಆಗಲ್ವಾ?

ಹುಳದ ಬಗೆ ಜಾಸ್ತಿ ಆಗುತ್ತವೆ. ಹಾವಳಿ ಮಾತ್ರ ಸಾಮಾನ್ಯವಾಗಿ ಕಡಿಮೆ ಆಗುತ್ತದೆ.

ಅಲಸಂದೆ ಕುಡಿ ಬಗ್ಗಿಸಿ ನೋಡಿ. ಕಪ್ಪು ಹೇನು ಮುತ್ತಿಕೊಂಡಿರುತ್ತದೆ, ಇರುವೆಗಳು ಅದರ ಕಾವಲಿಗೆ ಓಡಾಡುತ್ತಿರುತ್ತವೆ. ಈ ಹಂತದಲ್ಲೇ ಜನ ಔಷಧಿ ಅಂಗಡಿಗೆ ಓಡುವುದು. ಒಂದು ವಾರ ತಡೆಯಿರಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇರುವ ಗುಲಗಂಜಿ ಹುಳು ಬಂದು ಮೊಟ್ಟೆ ಇಡುತ್ತದೆ. ಅದರ ಮರಿಗೆ ರೆಕ್ಕೆ ಇರುವುದಿಲ್ಲ, ಉದ್ದಕ್ಕೆ, ಕಪ್ಪಗೆ, ಪುಟ್ಟ ಮೊಸಳೆಯ ಹಾಗೆ ಕಾಣುತ್ತದೆ. ಹೇನನ್ನು ತಿನ್ನುವುದರಲ್ಲಿ ದೊಡ್ಡದಕ್ಕೆ ಏನೂ ಕಡಿಮೆ ಇಲ್ಲ. ಎಷ್ಟೋ ಜನ ಇದನ್ನೇ ಪೀಡೆ ಅಂದುಕೊಂಡು ಹೊಸಕಿ ಹಾಕುತ್ತಾರೆ! ಆತುರಪಟ್ಟು ಔಷಧಿ ಹೊಡೆದರೆ ಎರಡೂ ಸಾಯುತ್ತವೆ. ಆಮೇಲೆ ಮೊದಲು ವಾಪಸ್ ಬರುವುದು ಹೇನು. ಅದನ್ನು ತಿನ್ನುವವರು ತಡವಾಗಿ ಬರುತ್ತಾರೆ.

ಜೋಳದ ತೆನೆ ಅಲ್ಲಲ್ಲಿ ಎತ್ತರಕ್ಕೆ ನಿಂತಿದ್ದರೆ ಕಾಜಾಣ ಬಂದು ಕೂರುತ್ತದೆ. ಅಲ್ಲಿಂದಲೇ ಹಾರಿ ಹುಳ ಹಿಡಿಯುತ್ತದೆ. ಹುಳವನ್ನೂ ಕಾಳನ್ನೂ ತಿನ್ನುವ ಬೇರೆ ಹಕ್ಕಿಗಳು ಸ್ವಲ್ಪ ಜೋಳ ತಿನ್ನುತ್ತವೆ. ಅದು ಅವುಗಳ ಕೂಲಿ.

ಒಂದು ಎಚ್ಚರಿಕೆ. ತೊಗರಿ, ಅವರೆ ಎರಡಕ್ಕೂ ಒಂದೇ ಕಾಯಿಕೊರಕ ಬೀಳುತ್ತದೆ. ಅವೆರಡನ್ನೇ ತುಂಬಿಸಿ 'ನಾನು ವೈವಿಧ್ಯ ಮಾಡಿದ್ದೀನಿ' ಅಂದರೆ ಹುಳಕ್ಕೆ ಹಬ್ಬದೂಟ. ಬೇರೆ ಬೇರೆ ಕುಲದವು ಇರಬೇಕು. ಹುಲ್ಲಿನ ಜಾತಿಯ ರಾಗಿ, ಜೋಳ. ಕಾಳಿನ ಜಾತಿಯ ಒಂದೆರಡು. ಸೇವಂತಿಗೆಯ ಬಳಗದ ಹುಚ್ಚೆಳ್ಳು. ಜೊತೆಗೆ ಸಾಸಿವೆ, ಹರಳು. ಹಿರಿಯರ ಅಕ್ಕಡಿ ಸಾಲಿನಲ್ಲಿ ಇದೇ ಹಂಚಿಕೆ ಇತ್ತು.

ಜೇನು ಇಲ್ಲದಿದ್ದರೆ ರಾಗಿ ಬೆಳೆಯೋದೇ ಇಲ್ವಾ?

ಬೆಳೆಯುತ್ತದೆ. ರಾಗಿ ತನ್ನ ಪರಾಗದಲ್ಲೇ ಕಾಳು ಕಟ್ಟುವ ಬೆಳೆ, ಜೇನಿನ ಹಂಗಿಲ್ಲ. ಹುಚ್ಚೆಳ್ಳು ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಜೇನು ಬರದಿದ್ದರೆ ಹೂ ಕಣ್ಣಿಗೆ ಹಬ್ಬ, ಕಾಳು ಜೊಳ್ಳು. ತೊಗರಿಗೆ ಎಲೆ ಕತ್ತರಿಸುವ ಜೇನು, ಕಪ್ಪು ದುಂಬಿ ಬರುತ್ತವೆ. ಎಲೆಯ ಅಂಚಿನಲ್ಲಿ ಕತ್ತರಿಸಿದಂತೆ ದುಂಡಗೆ ಕಾಣೆಯಾಗಿದ್ದರೆ ಅದು ಪೀಡೆಯಲ್ಲ, ಆ ಜೇನು ಗೂಡಿಗೆ ಒಯ್ದ ಚೂರು.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳನ್ನು ಭಾರಿ ಪ್ರಮಾಣದಲ್ಲಿ ನುಂಗಿತು. ಒಂದೇ ಬಗೆಯ ಜೇನನ್ನು ನಂಬಿದರೆ ಏನಾಗುತ್ತದೆ ಎಂದು ಆಗ ತಿಳಿಯಿತು. ಹೆಜ್ಜೇನು, ಕೋಲುಜೇನು, ಮುಜಂಟಿ, ಒಂಟಿ ದುಂಬಿಗಳೂ ಬೇಕು. ಹುಚ್ಚೆಳ್ಳು ಹೂವಿನಲ್ಲಿರುವಾಗ ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ.

ಕಳೆನಾಶಕ ಬಳಸಬಹುದಾ?

ಅಕ್ಕಡಿ ಬೇಕೆಂದರೆ ಇಲ್ಲ. ರಾಗಿಯಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಅವರೆ, ಅಲಸಂದೆಯನ್ನೂ ಸುಟ್ಟುಬಿಡುತ್ತದೆ. ಅವೂ ಅಗಲ ಎಲೆಯವೇ ತಾನೇ. ಸಾಲುಗಳ ನಡುವೆ ಕಳೆ ಕೀಳುವ ಎಡೆಕುಂಟೆ ಹೊಡೆಯುವುದೇ ದಾರಿ.

ಇನ್ನೊಂದು ನಷ್ಟವೂ ಇದೆ. ನಾವು ಕಳೆ ಅನ್ನುವುದರಲ್ಲಿ ಅರ್ಧ ಸೊಪ್ಪು. ಕಳೆ ಕೀಳಲು ಹೋದ ಹೆಂಗಸರ ಮಡಿಲಲ್ಲಿ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ ಬರುತ್ತಿದ್ದವು. ಅಂದಿನ ರಾತ್ರಿಗೆ ಬೆರಕೆ ಸೊಪ್ಪಿನ ಸಾರು. ದುಡ್ಡು ಕೊಟ್ಟು ತರಬೇಕಿಲ್ಲದ ಆ ಸೊಪ್ಪಿಗೆ ಯಾವ ಲೆಕ್ಕಪುಸ್ತಕದಲ್ಲೂ ಜಾಗ ಇಲ್ಲ. ಹಾಗಾಗಿ ಅದು ಹೋದಾಗ ಯಾರಿಗೂ ನಷ್ಟ ಅನ್ನಿಸಲಿಲ್ಲ.

ಇಳುವರಿ ಕಡಿಮೆ ಆಗಲ್ವಾ? ನೇರವಾಗಿ ಹೇಳಿ.

ಬರೀ ರಾಗಿ ತೂಕ ನೋಡಿದರೆ ಕಡಿಮೆ ಆಗುತ್ತದೆ. ಹತ್ತು ಸಾಲಿನಲ್ಲಿ ಎರಡನ್ನು ತೊಗರಿಗೆ ಕೊಟ್ಟಿರುತ್ತೀರಿ. ಆದರೆ ಐದರಲ್ಲಿ ಒಂದು ಪಾಲು ಜಾಗ ಹೋಯಿತು ಅಂತ ಐದರಲ್ಲಿ ಒಂದು ಪಾಲು ರಾಗಿ ಹೋಗುವುದಿಲ್ಲ. ತೊಗರಿ ಮೇಲೇಳುವವರೆಗೆ ಪಕ್ಕದ ರಾಗಿ ಸಾಲಿಗೆ ಬೆಳಕು ಜಾಸ್ತಿ, ತೆಂಡೆಯೂ ಜಾಸ್ತಿ. ಒಂದು ಎಕರೆ ಅಕ್ಕಡಿಯ ಎಲ್ಲ ಬೆಳೆ ಕೂಡಿಸಿ, ಅಷ್ಟನ್ನೇ ಬೇರೆ ಬೇರೆಯಾಗಿ ಬೆಳೆಯಲು ಎಷ್ಟು ನೆಲ ಬೇಕಿತ್ತು ಅಂತ ಕೇಳಿ ನೋಡಿ. ಒಂದು ಎಕರೆಗಿಂತ ಜಾಸ್ತಿ ಬೇಕು ಅನ್ನುವುದೇ ಸಾಮಾನ್ಯ ಉತ್ತರ.

ಒಳ್ಳೆ ಮಳೆ ಬಿದ್ದು, ರಾಗಿ ರೇಟೂ ಚೆನ್ನಾಗಿದ್ದ ವರ್ಷ ಬರೀ ರಾಗಿ ಹಾಕಿದವರು ಗೆಲ್ಲಬಹುದು. ಅಕ್ಕಡಿ ಗೆಲ್ಲುವುದು ಎಡವಟ್ಟು ವರ್ಷಗಳಲ್ಲಿ. ರಾಗಿ ತೆನೆ ಒಡೆಯುವಾಗ ಮಳೆ ಹೋಗಿ, ಚಿತ್ತೆ ಸ್ವಾತಿಯಲ್ಲಿ, ಅಂದರೆ ಅಕ್ಟೋಬರ್ ಹೊತ್ತಿಗೆ, ಎರಡು ಹದ ಮಳೆ ಬಿದ್ದರೆ ರಾಗಿಗೆ ಅದು ದಂಡ, ಅವರೆಗೆ ವರ.

ಬಿತ್ತುವುದು ಹೇಗೆ? ಎತ್ತು ಇಲ್ಲ, ಟ್ರ್ಯಾಕ್ಟರ್ ಮಾತ್ರ ಇದೆ.

ಹಿಂದೆ ಸಾಲು ಬಿತ್ತುವ ಕೂರಿಗೆಯಲ್ಲಿ ರಾಗಿ ಬೀಳುತ್ತಿತ್ತು. ಅದರ ಹಿಂದೆ ಹಗ್ಗ ಕಟ್ಟಿದ ಸಡ್ಡೆಯಲ್ಲಿ ಹೆಣ್ಣುಮಕ್ಕಳು ಅಕ್ಕಡಿ ಕಾಳು ಬಿಡುತ್ತಾ ನಡೆಯುತ್ತಿದ್ದರು. ಟ್ರ್ಯಾಕ್ಟರ್ ಕೂರಿಗೆಯಲ್ಲೂ ಆಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಸಾಲಿನ ಲೆಕ್ಕದಲ್ಲಿ ರಾಗಿ, ತೊಗರಿಗೆ 8:2, ರಾಗಿ, ಅವರೆಗೆ 8:1. ಸಾಲಿನಿಂದ ಸಾಲಿಗೆ ಒಂದು ಅಡಿ. ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕು ಕಿಲೋ ರಾಗಿ ಸಾಕು. ಅಕ್ಕಡಿ ಸಾಲಿನ ತೂತನ್ನು ಬಟ್ಟೆ ತುರುಕಿ ಮುಚ್ಚಿಕೊಂಡು, ಆ ಗೆರೆಯಲ್ಲಿ ಆಮೇಲೆ ಕೈಯಲ್ಲಿ ಕಾಳು ಹಾಕಿ. ಒಂದು ಎಕರೆಗೆ ಇಬ್ಬರು ಇದ್ದರೆ ಸಲೀಸು.

ಹುಚ್ಚೆಳ್ಳು, ಹರಳನ್ನು ಹೊಲದ ಸುತ್ತ ಹಾಕಿ. ದನ ಎರಡಕ್ಕೂ ಬಾಯಿ ಹಾಕುವುದಿಲ್ಲ.

ನಾಟಿ ತಳಿಯೇ ಬೇಕಾ? ಜಿಪಿಯು-28 ಅನ್ನೋ ಸುಧಾರಿತ ತಳಿ ಹಾಕಿದರೆ ಜೀವವೈವಿಧ್ಯ ಆಗಲ್ವಾ?

ಧಾರಾಳವಾಗಿ ಹಾಕಿ. ನಾಟಿ ಒಳ್ಳೆಯದು, ಸುಧಾರಿತ ಕೆಟ್ಟದ್ದು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ರಾಗಿಯ ತವರೇ ಪೂರ್ವ ಆಫ್ರಿಕಾ. 1960-70ರ ದಶಕಗಳಲ್ಲಿ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರಾಗಿ ಹೂ ಎಷ್ಟು ಸಣ್ಣದೆಂದರೆ ಅದಕ್ಕೆ ಬೇರೆ ಪರಾಗ ಮುಟ್ಟಿಸುವುದೇ ಸಾಹಸ. ಬೆಂಕಿ ರೋಗ ತಡೆಯುವ ಜಿಪಿಯು-28ರ ವಂಶದಲ್ಲೂ ಇಂಡಾಫ್ ಇದೆ. ದೂರದ ದೇಶದ ಯಾರದೋ ಹೊಲದಲ್ಲಿ ಆ ಹಳೇ ತಳಿಗಳು ಉಳಿದಿದ್ದಕ್ಕೆ ನಮಗೆ ಇಂಡಾಫ್ ಸಿಕ್ಕಿತು.

ವಿಪರ್ಯಾಸ ಅಂದರೆ, ಇಂಡಾಫ್ ಹರಡಿದ ಹಾಗೆಲ್ಲ ನಮ್ಮೂರಿನ ರುದ್ರಜಡೆ, ಉಂಡೆ ರಾಗಿ, ಹಸಿರುಕಡ್ಡಿ, ಜಗಳೂರು ರಾಗಿ ಮೂಲೆ ಸೇರಿದವು. ಅದಕ್ಕೇ ಒಂದು ಸಲಹೆ: ಮುಕ್ಕಾಲು ಹೊಲಕ್ಕೆ ನಂಬಿದ ತಳಿ, ಒಂದು ಮೂಲೆಗೆ ಒಂದು ನಾಟಿ ತಳಿ. ಸಹಜ ಸಮೃದ್ಧದಂಥ ಸಂಸ್ಥೆಗಳ ಬೀಜ ಮೇಳಗಳಲ್ಲಿ ಬೀಜ ಸಿಗುತ್ತದೆ.

ಬೀಜ ಇಟ್ಟುಕೊಳ್ಳುವುದು ಹೇಗೆ?

ರಾಗಿಯದು ಕಷ್ಟವೇ ಇಲ್ಲ. ಹೊಲದಲ್ಲೇ ಒಳ್ಳೆ ತೆನೆ ಆರಿಸಿ, ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಅವರೆ, ಅಲಸಂದೆಗೆ ಹುಳದ ಕಾಟ. ನೀರಲ್ಲಿ ಕಲಸಿದ ಕೆಮ್ಮಣ್ಣು ಸವರಿ ಚೆನ್ನಾಗಿ ಒಣಗಿಸುವುದು ಹಳೇ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. ಹುಚ್ಚೆಳ್ಳು ಪರಾಗ ಬೆರೆಯುವ ಬೆಳೆ. ಅದನ್ನು ಒಂದೆರಡು ಗಿಡದಿಂದ ಎತ್ತಿಡಬೇಡಿ, ಹತ್ತಾರು ಗಿಡದಿಂದ ಬೆರೆಸಿ ಇಡಿ.

ಸಗಣಿ, ಗಂಜಲದಿಂದ ಮಾಡುವ ಜೀವಾಮೃತ ಹಾಕಿದರೆ ಸಾಕಲ್ವಾ?

ಸಾಲದು. ಮಣ್ಣಿಗೆ ಜೀವಿಗಳನ್ನು ಸುರಿದು, ಅವಕ್ಕೆ ತಿನ್ನಲು ತರಗು, ಬೇರು ಇಲ್ಲದ ಹಾಗೆ ಮಾಡಿದರೆ ಅವು ಎಷ್ಟು ದಿನ ಉಳಿದಾವು?

ಬದುವಿನಲ್ಲಿ ಏನಿರಬೇಕು?

ಹೊಂಗೆ, ಬೇವು, ಹುಣಸೆ, ಲಕ್ಕಿ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ). ಹೊಂಗೆ ಬೇಸಿಗೆಯಲ್ಲಿ ಹೂ ಬಿಡುತ್ತದೆ. ಹೊಲದಲ್ಲಿ ಏನೂ ಇಲ್ಲದ ಕಾಲದಲ್ಲಿ ಜೇನಿಗೆ ಅದೇ ಆಧಾರ. ಸೊಪ್ಪು ಗೊಬ್ಬರಕ್ಕೂ ಆಯಿತು. ನೀಲಗಿರಿ ಬೇಡ. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಹೊಲಗಳು ನೀಲಗಿರಿ ತೋಪಾಗಿದ್ದನ್ನು ನೋಡಿದವರಿಗೆ ಕಾರಣ ವಿವರಿಸಬೇಕಿಲ್ಲ.

ಇಷ್ಟು ಒಳ್ಳೆಯದಾದರೆ ಜನ ಯಾಕೆ ಬಿಟ್ಟರು?

ರೈತರಿಗೆ ತಿಳಿವಳಿಕೆ ಇಲ್ಲ ಅಂತ ಹೇಳುವುದು ಸುಲಭ, ಮತ್ತು ಸುಳ್ಳು. ಅಕ್ಕಡಿ ಬೇಡಿದ್ದು ಮನೆತುಂಬ ಜನ. ಅಲಸಂದೆ ಒಂದು ಸಲ, ರಾಗಿ ಒಂದು ಸಲ, ಹುಚ್ಚೆಳ್ಳು ಒಂದು ಸಲ, ಅವರೆ ನಾಲ್ಕು ಸಲ ಬಿಡಿಸಬೇಕು. ಈಗ ಮಕ್ಕಳು ಪೀಣ್ಯದಲ್ಲೋ ನರಸಾಪುರದಲ್ಲೋ ಕಾರ್ಖಾನೆ ಕೆಲಸದಲ್ಲಿದ್ದಾರೆ. ಊರಲ್ಲಿ ಉಳಿದವರು ಅಪ್ಪ, ಅಮ್ಮ. ಕಟಾವಿನ ಯಂತ್ರ ಬಂದು ಗಂಟೆ ಲೆಕ್ಕದಲ್ಲಿ ರಾಗಿ ಮುಗಿಸಿ ಹೋಗುತ್ತದೆ. ನಡುವೆ ತೊಗರಿ ಸಾಲು ಕಂಡರೆ ಡ್ರೈವರ್ ಮುಖ ಸಿಂಡರಿಸುತ್ತಾನೆ.

ಬೆಲೆಯ ವಿಷಯವೂ ಇದೆ. 2025-26ಕ್ಕೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ, ತೊಗರಿಗೆ 8,000, ಹುಚ್ಚೆಳ್ಳಿಗೆ 9,537 ಬೆಂಬಲ ಬೆಲೆ ಇತ್ತು. ಅವರೆಗೂ ಅಲಸಂದೆಗೂ ಬೆಂಬಲ ಬೆಲೆಯೇ ಇಲ್ಲ. ಇನ್ನು ಹದಿನೈದು ಕಿಲೋ ಹುಚ್ಚೆಳ್ಳು ಹಿಡಿದುಕೊಂಡು ಯಾವ ಖರೀದಿ ಕೇಂದ್ರಕ್ಕೆ ಹೋಗುವುದು? ಸಿರಿಧಾನ್ಯ ವರ್ಷ ಅಂತ 2023ರಲ್ಲಿ ರಾಗಿಗೆ ಸಿಕ್ಕ ಮೆರವಣಿಗೆಯಲ್ಲಿ ಅಕ್ಕಡಿ ಕಾಳುಗಳಿಗೆ ಜಾಗ ಸಿಗಲಿಲ್ಲ.

ಸದ್ಯಕ್ಕೆ ಅಕ್ಕಡಿಗೆ ನಂಬಿಕಸ್ತ ಗಿರಾಕಿ ಎಂದರೆ ಸ್ವಂತ ಅಡುಗೆಮನೆ. ಮಿಕ್ಕಿದ್ದಕ್ಕೆ ಹತ್ತಿರದ ಸಂತೆ, ಪರಿಚಯದ ನಾಲ್ಕು ಮನೆ. ಯಂತ್ರದವರಿಗೆ ತೊಂದರೆ ಆಗಬಾರದು ಅಂದರೆ ಅಕ್ಕಡಿ ಸಾಲನ್ನು ಚೆಲ್ಲಾಪಿಲ್ಲಿ ಹಾಕುವ ಬದಲು ಯಂತ್ರದ ಅಗಲ ಅಳೆದುಕೊಂಡು ಪಟ್ಟೆ ಪಟ್ಟೆಯಾಗಿ ಹಾಕಿ. ಗುಣ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಎಲ್ಲ ಹೊಲಕ್ಕೂ ಒಂದೇ ಸಲ ಮಾಡಬೇಕಾ?

ಬೇಡ. ಮನೆ ಹತ್ತಿರದ ಅರ್ಧ ಎಕರೆಯಿಂದ ಶುರು ಮಾಡಿ. ದಿನಾ ಕಣ್ಣಿಗೆ ಬೀಳುವ ಹೊಲದಲ್ಲಿ ಮಾತ್ರ ಕಲಿಯಲು ಆಗುವುದು.

ಮಳೆ ತಡ ಆಯ್ತು, ಆಗಸ್ಟ್ ಮುಗೀತಾ ಬಂತು. ಈ ವರ್ಷ ಏನಾದರೂ ಆಗುತ್ತಾ?

ದೀರ್ಘಾವಧಿ ರಾಗಿಗೆ ಕಾಲ ಮುಗಿಯಿತು. ಮೂರು ಮೂರೂವರೆ ತಿಂಗಳಿಗೆ ಬರುವ ಜಿಪಿಯು-48ರಂಥ ತಳಿ ಆಗಸ್ಟ್ ಒಳಗೆ ಬಿತ್ತಿದರೆ ನಡೆಯುತ್ತದೆ. ಜೊತೆಗೆ ನಾಟಿ ಅವರೆ ಹಾಕಬಹುದು. ಸೆಪ್ಟೆಂಬರ್ ಬಂದರೆ ರಾಗಿ ಆಸೆ ಬಿಟ್ಟು ಹುರುಳಿ ಬಿತ್ತಿ, ನಡುನಡುವೆ ಹುಚ್ಚೆಳ್ಳು ಚೆಲ್ಲಿ. ಎರಡಕ್ಕೂ ಮಳೆ ಕಡಿಮೆ ಸಾಕು, ನೆಲ ಬೋಳಾಗುವುದಿಲ್ಲ, ಜನವರಿಗೆ ಹುರುಳಿ ಹೊಟ್ಟು ದನಕ್ಕೂ ಸಿಗುತ್ತದೆ.